ಬರೆದದ್ದನ್ನೇ ಓದಬೇಡಿ: ಇಂಗ್ಲಿಷ್ ಪ್ರಬಂಧ, ರೆಕಾರ್ಡ್ ಮಾಡಿದ ಭಾಷಣ ತಯಾರಿ ಹೇಗೆ?

ಡಿಗ್ರಿ ಕಾಲೇಜಿನ ಇಂಗ್ಲಿಷ್ ಕ್ಲಾಸಿನಲ್ಲಿ ಒಂದೇ ವಿಷಯಕ್ಕೆ ಎರಡು ಕೆಲಸ ಕೊಡುವುದುಂಟು. ಪ್ರಬಂಧ ಬರೆದು ಕೊಡಬೇಕು, ಮೂರು ನಿಮಿಷ ಮಾತಾಡಿ ರೆಕಾರ್ಡಿಂಗ್ ಕೂಡ ಕಳಿಸಬೇಕು. ಬಹಳ ಮಕ್ಕಳು ಬರೆದ ಪ್ರಬಂಧವನ್ನೇ ಫೋನ್ ಮುಂದೆ ಹಿಡಿದು ಓದಿಬಿಡುತ್ತಾರೆ. ಅಂಕ ಹೋಗುವುದು ಅಲ್ಲೇ. ಓದುವವರಿಗೆ ಅರ್ಥವಾಗದಿದ್ದರೆ ಹಿಂದಿನ ಸಾಲಿಗೆ ಹೋಗಬಹುದು. ಕೇಳುವವರಿಗೆ ಮಾತು ಒಂದೇ ಸಲಕ್ಕೆ ತಲುಪಬೇಕು. ಹಾಗಾಗಿ ಮೊದಲು ಪ್ರಬಂಧ ಮುಗಿಸಿ, ಆಮೇಲೆ ಅದನ್ನು ಪಕ್ಕಕ್ಕಿಟ್ಟು ಭಾಷಣವನ್ನು ಹೊಸದಾಗಿ ಬರೆಯಿರಿ.

ವಿಷಯ ಸಾಲದು, ವಾದ ಬೇಕು

ರಾಗಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 'ರಾಗಿಯ ಮಹತ್ವ' ಅಂತ ಬರೆದರೆ ಅದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ, ಅಲ್ವಾ? 'ಶಾಲೆಯ ಬಿಸಿಯೂಟದಲ್ಲಿ ವಾರಕ್ಕೆ ಎರಡು ದಿನವಾದರೂ ಅನ್ನದ ಬದಲು ರಾಗಿ ಕೊಡಬೇಕು' ಅಂದಾಗ ಒಪ್ಪದವರೂ ಸಿಗುತ್ತಾರೆ. ಆಗ ಬರೆಯುವುದಕ್ಕೆ ಕಾರಣ ಹುಟ್ಟುತ್ತದೆ. ಥೀಸಿಸ್ ಸ್ಟೇಟ್‌ಮೆಂಟ್ ಅನ್ನುವುದು ಇದಕ್ಕೇ.

ಕನ್ನಡ ಮಾಧ್ಯಮದಿಂದ ಬಂದವರು ಈ ಒಂದು ಸಾಲನ್ನು ಕನ್ನಡದಲ್ಲೇ ಬರೆದುಕೊಳ್ಳಿ. ನಾಚಿಕೆ ಬೇಡ. ಯೋಚನೆ ಗಟ್ಟಿಯಾಗುವುದು ನಮ್ಮ ಮಾತಿನಲ್ಲೇ. ಆದರೆ ಇಡೀ ಪ್ರಬಂಧ ಕನ್ನಡದಲ್ಲಿ ಬರೆದು ಫೋನಿಗೆ ಹಾಕಿ ಅನುವಾದ ಮಾಡಿಸಬೇಡಿ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, 'ಹೋಗಿ, ನೋಡಿ, ಕೇಳಿ' ಅಂತ ಸಾಲು ಉದ್ದಕ್ಕೂ ಬೆಳೆಯುತ್ತದೆ. ಇಂಗ್ಲಿಷಿನಲ್ಲಿ ಅದೇ ಸಾಲು ಸಿಕ್ಕುಬೀಳುತ್ತದೆ. ಅಂಶಗಳನ್ನು ಮಾತ್ರ ಕನ್ನಡದಲ್ಲಿ ಪಟ್ಟಿ ಮಾಡಿ, ವಾಕ್ಯಗಳನ್ನು ನೇರವಾಗಿ ಇಂಗ್ಲಿಷಿನಲ್ಲೇ, ಚಿಕ್ಕದಾಗಿ ಬರೆಯಿರಿ.

ಒಂದು ಪ್ಯಾರಾದಲ್ಲಿ ಒಂದೇ ಮಾತು ಇರಲಿ. ಮೊದಲ ಸಾಲಿನಲ್ಲಿ ಆ ಮಾತು ಹೇಳಿ, ಆಧಾರ ಕೊಡಿ, ಆ ಆಧಾರದಿಂದ ಏನು ಗೊತ್ತಾಗುತ್ತದೆ ಅಂತ ಬಿಡಿಸಿ ಹೇಳಿ. ಈ ಮೂರನೆಯದನ್ನೇ ಹೆಚ್ಚಿನವರು ಬಿಟ್ಟುಬಿಡುವುದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ ಅಂತ ಬರೆದು ಮುಂದೆ ಹೋದರೆ ಸಾಲದು. ಬೆಳೆಯುವ ಮಕ್ಕಳ ಮೂಳೆಗೆ ಅದು ಬೇಕು, ಹಾಲು ದಿನವೂ ಸಿಗದ ಮನೆಯ ಮಗುವಿಗೆ ಶಾಲೆಯ ತಟ್ಟೆಯಲ್ಲೇ ಸಿಗಲಿ ಅನ್ನುವ ತನಕ ಕರೆದುಕೊಂಡು ಹೋಗಬೇಕು.

ಎದುರು ವಾದವನ್ನೂ ಮುಚ್ಚಿಡಬೇಡಿ. ಉತ್ತರ ಕರ್ನಾಟಕದ ಮಕ್ಕಳಿಗೆ ಜೋಳದ ರೊಟ್ಟಿ ರೂಢಿ, ಮುದ್ದೆ ಅವರಿಗೆ ಒಗ್ಗುತ್ತದಾ? ನ್ಯಾಯವಾದ ಪ್ರಶ್ನೆ. ಅದನ್ನು ಬರೆದು ಉತ್ತರ ಕೊಡಿ. ಬೇಕಿದ್ದರೆ ವಾದವನ್ನೇ ಸ್ವಲ್ಪ ತಿದ್ದಿಕೊಂಡು 'ಆಯಾ ಜಿಲ್ಲೆಯ ಸಿರಿಧಾನ್ಯ' ಅನ್ನಿ. ಪ್ರಬಂಧದ ತೂಕ ಹೆಚ್ಚುವುದು ಇಂಥ ಕಡೆ.

ಆಧಾರಕ್ಕೆ ಸಂಶೋಧನಾ ಲೇಖನ ಹುಡುಕಿಕೊಡುವ ಗೂಗಲ್ ಸ್ಕಾಲರ್, ಭಾರತದ ಪಿಎಚ್‌ಡಿ ಪ್ರಬಂಧಗಳಿರುವ ಶೋಧಗಂಗಾ, ನ್ಯಾಷನಲ್ ಡಿಜಿಟಲ್ ಲೈಬ್ರರಿ ನೋಡಿ. ಓದಿದ ತಕ್ಷಣ ಲೇಖಕರ ಹೆಸರು, ವರ್ಷ, ಪುಟ ಬರೆದಿಟ್ಟುಕೊಳ್ಳಿ. ಆಧಾರ ಯಾರದ್ದು ಅಂತ ಪ್ರಬಂಧದಲ್ಲಿ ತೋರಿಸುವುದಕ್ಕೆ ಎಂಎಲ್ಎ (MLA), ಎಪಿಎ (APA) ಅನ್ನುವ ಪದ್ಧತಿಗಳಿವೆ. ಎಂಎಲ್ಎ ಆದರೆ ವಾಕ್ಯದ ಜೊತೆ ಹೆಸರು, ಪುಟ ಬರುತ್ತದೆ. ಎಪಿಎ ಆದರೆ ಹೆಸರು, ವರ್ಷ. ಯಾವುದು ಬೇಕು ಅಂತ ಮೇಡಂ ಅಥವಾ ಸರ್ ಹತ್ತಿರ ಮೊದಲೇ ಕೇಳಿ. ಬೇರೆಯವರ ಸಾಲನ್ನು ನಾಲ್ಕು ಪದ ಬದಲಿಸಿ ಹಾಕಿದರೂ ಅದು ಕದ್ದದ್ದೇ. ಓದಿ, ಪುಸ್ತಕ ಮುಚ್ಚಿ, ನಿಮ್ಮ ಮಾತಲ್ಲಿ ಬರೆಯಿರಿ. ಆಗಲೂ ಅವರ ಹೆಸರು ಹಾಕಲೇಬೇಕು.

ಈಗ ಕಿವಿಗೆ ಬರೆಯಿರಿ

ನಿಮಿಷಕ್ಕೆ ಸುಮಾರು 120 ಪದ ಆಡಿದರೆ ಕೇಳುವವರಿಗೆ ಹಿತ. ಮೂರು ನಿಮಿಷಕ್ಕೆ 350 ಪದ ಸಾಕು. 600 ಪದ ತುರುಕಿದರೆ ಓಡಬೇಕಾಗುತ್ತದೆ. ಪ್ರಬಂಧದಲ್ಲಿ 'ಡು ನಾಟ್' ಸರಿ, ಮಾತಿನಲ್ಲಿ 'ಡೋಂಟ್' ಚೆನ್ನ. ಅಂಕಿ ಸಂಖ್ಯೆಯನ್ನೂ ಹಗುರ ಮಾಡಿ. ಮಿಲಿಗ್ರಾಂ ಲೆಕ್ಕ ಕಿವಿಯಲ್ಲಿ ನಿಲ್ಲುವುದಿಲ್ಲ. 'ಪಾಲಿಶ್ ಮಾಡಿದ ಅಕ್ಕಿಗಿಂತ 30 ಪಟ್ಟಿಗೂ ಜಾಸ್ತಿ ಕ್ಯಾಲ್ಸಿಯಂ' ಅಂದರೆ ನಿಲ್ಲುತ್ತದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಘೋಷಿಸಿತ್ತು ಎನ್ನುವುದು ಶುರುವಿಗೆ ಒಳ್ಳೆಯ ಸಾಲು. 'ಗುಡ್ ಮಾರ್ನಿಂಗ್ ಒನ್ ಅಂಡ್ ಆಲ್' ಬಿಟ್ಟುಬಿಡಿ. ರೆಕಾರ್ಡಿಂಗ್ ಯಾವ ಹೊತ್ತಿಗಾದರೂ ಕೇಳಬಹುದು.

ಬರೆದ ಹಾಳೆಯ ಮೇಲೆ ಪೆನ್ಸಿಲ್ ಹಿಡಿದು, ಉಸಿರು ತೆಗೆದುಕೊಳ್ಳುವ ಕಡೆ ಅಡ್ಡಗೆರೆ ಹಾಕಿ, ಒತ್ತಿ ಹೇಳಬೇಕಾದ ಪದಕ್ಕೆ ಅಡಿಗೆರೆ ಎಳೆಯಿರಿ. ಕನ್ನಡದಲ್ಲಿ ನಾವು ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಸಮ ತೂಕ ಕೊಡುತ್ತೇವೆ. ಇಂಗ್ಲಿಷ್ ಹಾಗಲ್ಲ. 'ಫೋಟೋಗ್ರಾಫ್'ನಲ್ಲಿ ಮೊದಲ ಭಾಗಕ್ಕೆ ಒತ್ತು, 'ಫೋಟೋಗ್ರಫಿ'ಯಲ್ಲಿ ಎರಡನೆಯದಕ್ಕೆ. ಅನುಮಾನ ಬಂದ ಪದವನ್ನು ಫೋನಿನ ನಿಘಂಟಿನಲ್ಲಿ ಕೇಳಿ ನೋಡಿ. 'ಎಗ್' ಅನ್ನುವುದು 'ಯೆಗ್' ಆಗದಂತೆ, 'ಬಸ್' 'ಬಸ್ಸು' ಆಗದಂತೆ ನೋಡಿಕೊಂಡರೆ ಸಾಕು. ಬೇರೆ ದೇಶದವರ ಧಾಟಿ ಹಾಕಬೇಡಿ. ನಮ್ಮ ಧಾಟಿಯ ಇಂಗ್ಲಿಷ್ ಸ್ಪಷ್ಟವಾಗಿದ್ದರೆ ಅದೇ ಚೆಂದ.

ರೆಕಾರ್ಡ್ ಮಾಡುವಾಗ

ಖಾಲಿ ರೂಮಿನಲ್ಲಿ ಮಾತು ಮೊಳಗುತ್ತದೆ. ಹಾಸಿಗೆ, ಪರದೆ, ಬಟ್ಟೆಯ ಬೀರು ಇರುವ ರೂಮು ಹಿಡಿಯಿರಿ. ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತದೆ. ಫ್ಯಾನ್ ನಿಲ್ಲಿಸಿ, ಫೋನನ್ನು ಫ್ಲೈಟ್ ಮೋಡಿಗೆ ಹಾಕಿ. ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಇಡಿ. ನೇರವಾಗಿ ಹಿಡಿದರೆ 'ಪ' ಬಂದಾಗಲೆಲ್ಲ ಗಾಳಿ ಬಡಿದ ಸದ್ದು ಬರುತ್ತದೆ. ಹತ್ತು ಸೆಕೆಂಡ್ ಮಾತಾಡಿ, ಇಯರ್‌ಫೋನ್ ಹಾಕಿ ಕೇಳಿ, ಆಮೇಲೆ ಪೂರ್ತಿ ಮಾಡಿ.

ನಿಮ್ಮ ದನಿ ನಿಮಗೇ ಬೇರೆಯವರದ್ದು ಅನ್ನಿಸುತ್ತದೆ. ಮಾತಾಡುವಾಗ ನಮ್ಮ ದನಿ ತಲೆಬುರುಡೆಯ ಮೂಳೆ ಮೂಲಕವೂ ಒಳಗಿವಿಗೆ ಬರುತ್ತದೆ, ಹಾಗಾಗಿ ತುಂಬಿದಂತೆ ಕೇಳುತ್ತದೆ. ರೆಕಾರ್ಡಿಂಗ್‌ನಲ್ಲಿ ಆ ಭಾಗ ಇಲ್ಲ. ಎಲ್ಲರಿಗೂ ಹಾಗೇ, ಹೆದರಿ ಅಳಿಸಬೇಡಿ.

ನಡುವೆ ತಡವರಿಸಿದರೆ ನಿಲ್ಲಿಸಬೇಕಿಲ್ಲ. ಒಂದು ಕ್ಷಣ ಸುಮ್ಮನಿದ್ದು ಆ ವಾಕ್ಯವನ್ನು ಮೊದಲಿಂದ ಹೇಳಿ, ಕತ್ತರಿಸುವುದು ಸುಲಭ. ವಿಡಿಯೊ ಆದರೆ ಕಿಟಕಿಯ ಬೆಳಕು ಮುಖದ ಮೇಲೆ ಬೀಳುವಂತೆ ಕೂತು, ಪರದೆಯ ಮೇಲಿನ ನಿಮ್ಮ ಮುಖ ಬಿಟ್ಟು ಕ್ಯಾಮೆರಾ ಕಣ್ಣನ್ನೇ ನೋಡಿ.

ಫೈಲಿಗೆ ನಿಮ್ಮ ಹೆಸರು, ರೋಲ್ ನಂಬರ್ ಕೊಡಿ. ಡ್ರೈವ್ ಲಿಂಕ್ ಕಳಿಸುವುದಾದರೆ ಮೊದಲು ಗೆಳೆಯರ ಫೋನಿನಲ್ಲಿ ತೆರೆದು ನೋಡಿ. ಅನುಮತಿ ಕೊಡದ ಲಿಂಕ್ ಅವರಲ್ಲಿ ತೆರೆಯುವುದೇ ಇಲ್ಲ.