ಪಂದಿ ಕರಿಗೆ ಕೋತ್ ದ್ಯು ರೋನ್: ಕೊನೆಗೂ ಕೂಡಿಬಂದ ಬಗೆ

ಖಾರದೂಟಕ್ಕೆ ಫ್ರೆಂಚ್ ಕೆಂಪು ವೈನ್ ಒಗ್ಗುವುದಿಲ್ಲ ಎಂದವರೇ ಹೆಚ್ಚು. ಒಗ್ಗುತ್ತದೆ. ಕೊಡಗಿನ ಹಂದಿಮಾಂಸದ ಅಡುಗೆ ಪಂದಿ ಕರಿಗೆ ಫ್ರಾನ್ಸಿನ ರೋನ್ ಕಣಿವೆಯ ಕೋತ್ ದ್ಯು ರೋನ್ ವೈನ್ ಹೊಂದಿಸಲು ಆರು ಬಾಟಲಿ, ಹೆಚ್ಚುಕಡಿಮೆ ಹದಿನೆಂಟು ಸಾವಿರ ರೂಪಾಯಿ, ನಾಲ್ಕು ಕಿಲೋ ಹಂದಿಮಾಂಸ ಖರ್ಚಾದ ಮೇಲೆ ಹದ ಸಿಕ್ಕಿದೆ.

ಮೊದಲ ಎರಡು ಬಾಟಲಿ ಫ್ರಾನ್ಸಿನದೇ ಇನ್ನೊಂದು ಸೀಮೆಯ ಬೋರ್ಡೊ. ತಪ್ಪಿದ್ದೇ ಅಲ್ಲಿ. ಅದರ ಕ್ಯಾಬರ್ನೆ ದ್ರಾಕ್ಷಿಯ ಒಗರು, ಓಕ್ ಪೀಪಾಯಿಯ ಕಹಿ, ಮೇಲೆ ಹಸಿಮೆಣಸು: ಮೂರೂ ಸೇರಿ ನಾಲಿಗೆಗೆ ಅಡಿಕೆ ಚೊಗರು ಬಳಿದ ಹಾಗಾಯಿತು. ದಕ್ಷಿಣ ರೋನ್ ಕಡೆಯದನ್ನು ಹಿಡಿದ ಮೇಲೆ ಸರಿಹೋಯಿತು. ದ್ರಾಕ್ಷಿ ತಳಿಗಳಲ್ಲಿ ಗ್ರೆನಾಶ್ ಹೆಚ್ಚು, ಸಿರಾ ಅದರ ಅರ್ಧದಷ್ಟು, ಮೂರ್ವೆದ್ರ್ ಸ್ವಲ್ಪ ಇರುವುದನ್ನು ಆರಿಸಿ. ಪೀಪಾಯಿ ಬಿಟ್ಟು ಕಾಂಕ್ರೀಟ್ ತೊಟ್ಟಿಯಲ್ಲಿ ಇಟ್ಟದ್ದಾದರೆ ಇನ್ನೂ ಒಳ್ಳೆಯದು. ಅಲ್ಲಿನದೇ ದುಬಾರಿ ವೈನ್ ಶತೋನಫ್ ದ್ಯು ಪಾಪ್ ಈ ಕೆಲಸಕ್ಕೆ ಬೇಡ. ದುಡ್ಡು ಎರಡು ಮೂರು ಪಟ್ಟು, ಪಂದಿ ಕರಿಯ ಮುಂದೆ ಅದರ ಸೂಕ್ಷ್ಮ ಎದ್ದು ಬರುವುದೇ ಇಲ್ಲ.

ಈ ಜೋಡಿ ಕೂಡುವುದು ಕರಿಮೆಣಸಿನಿಂದ. ಸಿರಾದಲ್ಲಿ ಬರುವ ಮೆಣಸಿನ ಘಮಕ್ಕೂ ಕೊಡಗಿನ ಕಾಳುಮೆಣಸಿನ ಘಮಕ್ಕೂ ಕಾರಣ ಒಂದೇ, ರೊಟಂಡೋನ್ ಎಂಬ ಘಮದ ರಾಸಾಯನಿಕ. ಸುಮಾರು ಐವರಲ್ಲಿ ಒಬ್ಬರಿಗೆ ಅದು ಮೂಗಿಗೆ ಹತ್ತುವುದೇ ಇಲ್ಲ. ಹಾಗಾಗಿ ಒಬ್ಬರೇ ಮೂಸಿ ತೀರ್ಮಾನ ಮಾಡಬೇಡಿ.

ಬೆಂಗಳೂರಿನ 27 ಡಿಗ್ರಿಯಲ್ಲಿ ಬಗ್ಗಿಸಿದರೆ ಮೂಗಿಗೆ ಮೊದಲು ಬಡಿಯುವುದು ಆಲ್ಕೋಹಾಲ್. ಐಸ್ ನೀರಿನಲ್ಲಿ ಕಾಲು ಗಂಟೆ ಇಟ್ಟು 15-16ಕ್ಕೆ ಇಳಿಸಿ. ಕೆಂಪು ವೈನ್ ತಣ್ಣಗೆ ಮಾಡುವುದೇ ಎಂದು ತಲೆಯಾಡಿಸಿದವರು ಈಗ ತಾವೇ ಬಕೆಟ್ ತುಂಬಿಸುತ್ತಾರೆ. 12ಕ್ಕಿಂತ ಕೆಳಗೆ ಹೋದರೆ ಘಮ ಸಾಯುತ್ತದೆ, ಒಗರು ಗಡುಸಾಗುತ್ತದೆ. ಬೇಯಿಸಿದ ಮೊಟ್ಟೆಯ ವಾಸನೆ ಬಂದರೆ ಹೆದರಬೇಡಿ, ಎರಡು ಜಗ್ಗಿನ ನಡುವೆ ನಾಲ್ಕೈದು ಸಲ ಎತ್ತಿ ಹುಯ್ಯಿರಿ, ಹೋಗುತ್ತದೆ. ಒದ್ದೆ ರಟ್ಟಿನ ವಾಸನೆ ಮಾತ್ರ ಬಿರಡೆಯ ದೋಷ, ಏನು ಮಾಡಿದರೂ ಹೋಗದು. ನನ್ನ ಆರರಲ್ಲಿ ಒಂದು ಹಾಗೇ ಹೋಯಿತು.

ಅಡುಗೆಗೆ ಮೊದಲು ತಟ್ಟೆ ಪರೀಕ್ಷೆ. ಉಪ್ಪು, ನಿಂಬೆ ಹೋಳು, ತುಪ್ಪ, ಬೆಲ್ಲ, ಮೆಣಸಿನಪುಡಿ ಚಿಟಿಕೆ ಚಿಟಿಕೆ ಇಟ್ಟುಕೊಂಡು, ಒಂದನ್ನು ನಾಲಿಗೆಗೆ ಹಚ್ಚಿ ಒಂದು ಗುಟುಕು ಬಾಯಿ ಮುಕ್ಕಳಿಸಿ ಉಗುಳಿ. ಉಪ್ಪಿಗೆ ವೈನ್ ಮೆದುವಾಗುತ್ತದೆ, ನಿಂಬೆಗೆ ಅದರ ಹುಳಿ ತಗ್ಗಿ ಹಣ್ಣು ಮುಂದೆ ಬರುತ್ತದೆ. ಬೆಲ್ಲಕ್ಕೆ ಕಹಿ ಏಳುತ್ತದೆ, ಮೆಣಸಿನಪುಡಿಗೆ 14 ಶೇಕಡಾ ಆಲ್ಕೋಹಾಲ್ ಬೆಂಕಿ ಹಚ್ಚುತ್ತದೆ. ಐದು ನಿಮಿಷದ ಈ ಕೆಲಸ ಮೊದಲೇ ಮಾಡಿದ್ದರೆ ಎರಡು ಕಿಲೋ ಮಾಂಸ ಉಳಿಯುತ್ತಿತ್ತು.

ಹಾಗಾಗಿ ಪಂದಿ ಕರಿಯಲ್ಲಿ ಹಸಿಮೆಣಸನ್ನು ಎಂಟರಿಂದ ಎರಡಕ್ಕೆ ಇಳಿಸಿ, ಖಾರವನ್ನೆಲ್ಲ ಕಾಳುಮೆಣಸಿಗೆ ಬಿಟ್ಟೆ: ಕೊಬ್ಬಿರುವ ಒಂದು ಕಿಲೋ ಮಾಂಸಕ್ಕೆ ಮೂರು ಚಹಾ ಚಮಚ, ಹುರಿದು ಸೀಯುವ ಮುನ್ನ ಇಳಿಸಿದ್ದು. ಕೊಬ್ಬು ತೆಗೆಸಬೇಡಿ, ಒಗರನ್ನು ಹಿಡಿಯುವ ಕೆಲಸದಲ್ಲಿ ಅದಕ್ಕೂ ಪಾಲಿದೆ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಒಂದು ದೊಡ್ಡ ಚಮಚ, ಕೊನೆಯ ಹತ್ತು ನಿಮಿಷದಲ್ಲಿ. ಎರಡು ಚಮಚ ಹಾಕಿದ ದಿನ ವೈನ್ ಸಪ್ಪೆ ಹೊಡೆಯಿತು. ಹಾಕದೇ ಬಿಟ್ಟ ದಿನ ವೈನ್ ಹುಳಿ ಹುಳಿ. ಮಸಾಲೆಗೆ ಸೇರಿಸುವ ಇನ್ನೊಂದು ಒಣ ಸಾಮಾನಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಕಡಂಬುಟ್ಟು, ಅಂದರೆ ಅಕ್ಕಿತರಿಯ ಉಂಡೆ, ಜೊತೆಗಿರಲಿ, ಬಾಯಿ ತೊಳೆದ ಹಾಗಾಗುತ್ತದೆ.

ಬೇರೆ ಕೆಲವೂ ನೋಡಿದೆ. ಕುಂದಾಪುರದ ಗೀ ರೋಸ್ಟ್ ಬೆಲ್ಲದಿಂದಾಗಿ ಕೆಟ್ಟಿತು. ಬೆಲ್ಲ ಬಿಟ್ಟು ಮಾಡಿದಾಗ ಪರವಾಗಿಲ್ಲ. ಬಂಗುಡೆ ಪುಳಿಮುಂಚಿ ಬೇಡವೇ ಬೇಡ: ಮೀನೆಣ್ಣೆಗೆ ವೈನಿನ ಕಬ್ಬಿಣ ತಗುಲಿ ಬಾಯಲ್ಲಿ ತುಕ್ಕಿನ ರುಚಿ ನಿಲ್ಲುತ್ತದೆ. ಸಸ್ಯಾಹಾರಿಗಳಿಗೆ ಎಣ್ಣೆಗಾಯಿ, ಹುಣಸೆ ಅರ್ಧ ಮಾಡಿ, ಕಡಲೆಬೀಜ ಜಾಸ್ತಿ ಹಾಕಿ. ಬದನೆ ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್‌ನ ರಾಟಟೂಯಿ ಎಂಬ ತರಕಾರಿ ಅಡುಗೆಯಲ್ಲೂ ಇದೇ ವೈನಿಗೆ ಜೊತೆಯಾಗುವ ತರಕಾರಿ, ಇಲ್ಲಿಯೂ ಕೈಬಿಡಲಿಲ್ಲ.

ಒಬ್ಬೊಬ್ಬರಿಗೆ 60 ಮಿಲಿಯಂತೆ ಒಂದು ಬಾಟಲಿ ಹನ್ನೆರಡು ಜನಕ್ಕೆ ಸಾಕು. ಉಳಿದರೆ ಸಣ್ಣ ಸೋಡಾ ಬಾಟಲಿಗೆ ಕಂಠಮಟ್ಟ ತುಂಬಿ ಫ್ರಿಜ್ಜಿಗೆ ಹಾಕಿ. ಗ್ರೆನಾಶ್ ಗಾಳಿಗೆ ಬೇಗ ಸೋಲುತ್ತದೆ. ಅರ್ಧ ಖಾಲಿ ಬಾಟಲಿಯಲ್ಲಿ ಇಟ್ಟದ್ದು ಮರುದಿನ ಸಂಜೆಗೇ ಒಣದ್ರಾಕ್ಷಿ ನೆನೆಸಿದ ನೀರಿನಂತಿತ್ತು.