ಜಪಾನಿನ ಘಾಟಿಗಳಿಗೆ ಕೊಡಗಿನಿಂದ ಹೊರಟದ್ದು

ಜಪಾನಿನ ಸ್ಪೋರ್ಟ್ಸ್ ಕಾರುಗಳನ್ನು ಪ್ರೀತಿಸುವವರು ಆ ದೇಶಕ್ಕೆ ಹೋಗುವ ಯೋಚನೆ ಮಾಡಿದಾಗ ಮೊದಲು ಟೋಕಿಯೊದಲ್ಲಿ ಹೋಟೆಲ್ ಹುಡುಕುತ್ತಾರೆ. ನಾನು ಮೊದಲು ಹುಡುಕಿದ್ದು ಘಾಟಿ ರಸ್ತೆಗಳನ್ನು. ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಮಾಕುಟ್ಟಕ್ಕೆ ಇಳಿಯುವ ದಾರಿಯಲ್ಲಿ ಸ್ಟಿಯರಿಂಗ್ ಹಿಡಿಯಲು ಕಲಿತವನು ನಾನು. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ ಬಂದು ಕೂರುತ್ತದಲ್ಲ, ಕಾರಿನ ಗುಣ ತಿಳಿಯುವುದು ಆಗ. ಮ್ಯೂಸಿಯಂನಲ್ಲಿ ಹಗ್ಗದ ಈಚೆ ನಿಂತು ಎಷ್ಟು ಹೊತ್ತು ನೋಡಿದರೂ ಅದು ತಿಳಿಯುವುದಿಲ್ಲ. ಜಪಾನ್ ಬಹುಪಾಲು ಬೆಟ್ಟಗುಡ್ಡಗಳ ದೇಶ. ಅಲ್ಲಿನ ಹಗುರ ಕಾರುಗಳ ನಡತೆ ಅರ್ಥವಾಗಬೇಕಾದರೆ ಅವು ಓಡಾಡಿದ ಬೆಟ್ಟದ ರಸ್ತೆಗಳಿಗೇ ಹೋಗಬೇಕು. ಆದ್ದರಿಂದ ದಿನಗಳಲ್ಲಿ ದೊಡ್ಡ ಪಾಲು ಬೆಟ್ಟಕ್ಕೆ, ಉಳಿದದ್ದು ನಗರಕ್ಕೆ ಎಂದು ತೀರ್ಮಾನಿಸಿ ಉಳಿದೆಲ್ಲವನ್ನೂ ಅದಕ್ಕೆ ತಕ್ಕಂತೆ ಹೊಂದಿಸಿದೆ.

ಯಾವಾಗ ಹೋಗುವುದು ಎಂಬುದೇ ಬೆಳೆಗಾರನ ಮೊದಲ ತೊಡಕು. ಜನವರಿಯಲ್ಲಿ ಚಿಬಾದ ಮಕುಹರಿ ಮೆಸ್ಸೆಯಲ್ಲಿ ಟೋಕಿಯೊ ಆಟೊ ಸಲೋನ್ ನಡೆಯುತ್ತದೆ. ಮಾರ್ಪಡಿಸಿದ ಕಾರುಗಳನ್ನು ನೋಡಬೇಕೆನ್ನುವವರಿಗೆ ಅದೇ ಸರಿಯಾದ ಕಾಲ. ಆದರೆ ಆಗ ನಮ್ಮಲ್ಲಿ ರೊಬಸ್ಟಾ ಕೊಯ್ಲು. ಕಣದಲ್ಲಿ ಕಾಫಿ ಹರಡಿರುವಾಗ ಮನೆ ಬಿಡುವಂತಿಲ್ಲ. ಅಲ್ಲಿಯೂ ಗುನ್ಮಾ, ನಿಕ್ಕೊ ಕಡೆಯ ಘಾಟಿಗಳಲ್ಲಿ ಹಿಮ ಬಿದ್ದಿರುತ್ತದೆ. ಮಾರ್ಚ್‌ನಲ್ಲಿ ಹೂಮಳೆಗೆ ಕಾಯಬೇಕು, ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಿಸಬೇಕು. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಜಪಾನಿನಲ್ಲಿ ಗೋಲ್ಡನ್ ವೀಕ್ ರಜೆ. ಫುಜಿ ಸ್ಪೀಡ್‌ವೇಯಲ್ಲಿ ಸೂಪರ್ ಜಿಟಿ ರೇಸ್ ನಡೆಯುವುದು ಆಗಲೇ ಆದರೂ ಇಡೀ ದೇಶ ರಸ್ತೆಗೆ ಇಳಿದಿರುತ್ತದೆ. ಇತ್ತ ತೋಟದಲ್ಲಿ ಮರಗಸಿ, ಗೊಬ್ಬರ. ಆಗಸ್ಟ್, ಸೆಪ್ಟೆಂಬರ್ ಎಂದರೆ ಅಲ್ಲಿ ಚಂಡಮಾರುತಗಳ ಕಾಲ. ಎಲ್ಲ ಕಳೆದು ಉಳಿದದ್ದು ನವೆಂಬರ್‌ನ ಮೊದಲರ್ಧ. ಅರೇಬಿಕಾ ಬೆಳೆಯುವವರಿಗೆ ಆಗಲೇ ಹಣ್ಣು ಕೊಯ್ಯುವ ಕೆಲಸ ಶುರುವಾಗಿರುತ್ತದೆ. ನನ್ನದು ರೊಬಸ್ಟಾ ತೋಟ. ತುಲಾ ಸಂಕ್ರಮಣ ಮುಗಿದಿರುತ್ತದೆ, ಪುತ್ತರಿಗೆ ಇನ್ನೂ ಸಮಯವಿರುತ್ತದೆ.

ನವೆಂಬರ್‌ಗೆ ಇನ್ನೊಂದು ಆಕರ್ಷಣೆಯೂ ಇತ್ತು. ವಿಶ್ವ ರ್‍ಯಾಲಿ ಚಾಂಪಿಯನ್‌ಷಿಪ್‌ನ ಜಪಾನ್ ಸುತ್ತು 2022ರಿಂದ 2025ರವರೆಗೆ ಆ ತಿಂಗಳಲ್ಲೇ ಐಚಿ, ಗಿಫು ಪ್ರಾಂತಗಳಲ್ಲಿ ನಡೆಯಿತು. ಈಗ ಯೋಜನೆ ಹಾಕುವವರು ಆ ವರ್ಷದ ವೇಳಾಪಟ್ಟಿ ನೋಡದೆ ಟಿಕೆಟ್ ಕೊಳ್ಳಬಾರದು, ಏಕೆಂದರೆ ಈ ಸುತ್ತಿನ ತಿಂಗಳು ಬದಲಾಗುತ್ತದೆ.

ಕಾಗದಪತ್ರಗಳ ವಿಷಯದಲ್ಲಿ ವೀಸಾಕ್ಕಿಂತ ಹೆಚ್ಚು ಗಮನ ಬೇಡುವುದು ಚಾಲನಾ ಪರವಾನಗಿ. ಜಪಾನ್ ಒಪ್ಪುವುದು 1949ರ ಜಿನೀವಾ ಒಪ್ಪಂದದ ಮಾದರಿಯ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು, ನಮ್ಮ ಆರ್‌ಟಿಒ ಕೊಡುವುದೂ ಅದನ್ನೇ. ನಾನು ಮಡಿಕೇರಿಯ ಕಚೇರಿಯಲ್ಲಿ ಮಾಡಿಸಿದೆ. ಪಾಸ್‌ಪೋರ್ಟ್, ವೀಸಾ, ವಿಮಾನದ ಟಿಕೆಟ್ ಕೇಳುತ್ತಾರೆ. ಅವಧಿ ಒಂದು ವರ್ಷ. ಕೊಡಗಿನವರು ಇಲ್ಲಿ ಒಂದು ಸಂಗತಿಯನ್ನು ಮೊದಲೇ ನೋಡಿಕೊಳ್ಳಬೇಕು. ನಮ್ಮಲ್ಲಿ ಅನೇಕರ ಹಳೆಯ ಲೈಸೆನ್ಸಿನಲ್ಲಿ ಮನೆತನದ ಹೆಸರು ಒಂದೇ ಅಕ್ಷರವಾಗಿ ಕೂತಿರುತ್ತದೆ, ಪಾಸ್‌ಪೋರ್ಟಿನಲ್ಲಿ ಪೂರ್ತಿಯಾಗಿ ಇರುತ್ತದೆ. ಕಾರು ಬಾಡಿಗೆ ಕೊಡುವವರು ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡುತ್ತಾರೆ. ಹೊರಡುವ ಎಷ್ಟೋ ತಿಂಗಳ ಮೊದಲೇ ಲೈಸೆನ್ಸ್ ತಿದ್ದಿಸಿಕೊಂಡೆ. ಮೂಲ ಲೈಸೆನ್ಸನ್ನೂ ಜೊತೆಯಲ್ಲಿ ಒಯ್ಯಬೇಕು.

ವೀಸಾ ಅರ್ಜಿಯನ್ನು ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ ಕೊಟ್ಟೆ. ಕಾಫಿಯನ್ನು ಕ್ಯೂರಿಂಗ್ ಮಾಡದೆ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಸಂಸ್ಕರಿಸದೆ, ಮಾರುವವರ ಆದಾಯ ಕೃಷಿ ಆದಾಯ, ಅದಕ್ಕೆ ತೆರಿಗೆ ಇಲ್ಲ. ಹಾಗಾಗಿ ನಮ್ಮ ತೆರಿಗೆ ಕಾಗದದಲ್ಲಿ ದೊಡ್ಡ ಅಂಕಿ ಕಾಣುವುದಿಲ್ಲ. ನಾನು ತೋಟದ ಪಹಣಿ, ಕಾಫಿ ಮಾರಿದ ಬಿಲ್ಲುಗಳು, ಬ್ಯಾಂಕ್ ಪಟ್ಟಿ ಮೂರನ್ನೂ ಸೇರಿಸಿ, ಆದಾಯ ವರ್ಷಕ್ಕೊಮ್ಮೆ ಏಕೆ ಒಟ್ಟಾಗಿ ಬರುತ್ತದೆ ಎಂದು ಒಂದು ಪುಟದ ಪತ್ರ ಬರೆದೆ. ದಿನದಿನದ ಕಾರ್ಯಕ್ರಮದಲ್ಲಿ ಯಾವ ಊರು, ಯಾವ ಮ್ಯೂಸಿಯಂ, ಯಾವ ದಿನ ಬಾಡಿಗೆ ಕಾರು ಎಂದು ಸ್ಪಷ್ಟವಾಗಿ ಬರೆದದ್ದರಿಂದ ಮತ್ತೆ ಪ್ರಶ್ನೆ ಬರಲಿಲ್ಲ. ಬೆಂಗಳೂರಿನಿಂದ ನರಿತಾಗೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಇರುವುದರಿಂದ ಪ್ರಯಾಣದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ.

ಯಾವ ಕಾರು ಎಂಬ ಪ್ರಶ್ನೆಗೆ ನಾನೂ ನನ್ನ ಭಾವನೂ ರಾತ್ರಿಗಟ್ಟಲೆ ಮಾತನಾಡಿದ್ದೇವೆ. ಅವರಿಗೆ ನಿಸಾನ್ ಸ್ಕೈಲೈನ್ ಜಿಟಿ-ಆರ್ ಬೇಕಿತ್ತು. "ಸ್ಕೈಲೈನ್ ಓಡಿಸದೆ ಬಂದರೆ ಊರಿನಲ್ಲಿ ಏನೆಂದು ಹೇಳುವುದು?" ಎಂದರು. ಆ ಆಸೆಯಲ್ಲಿ ತಪ್ಪೇನೂ ಇಲ್ಲ. 1989ರಲ್ಲಿ ಬಂದ ಆರ್32 ಜಿಟಿ-ಆರ್‌ನ 2.6 ಲೀಟರಿನ ಆರು ಸಿಲಿಂಡರ್ ಅವಳಿ ಟರ್ಬೊ ಎಂಜಿನ್ ಕಾಗದದ ಮೇಲೆ 280 ಪಿಎಸ್ (ಅಶ್ವಶಕ್ತಿಯ ಅಳತೆ) ಕೊಡುತ್ತಿತ್ತು. ಅದಕ್ಕಿಂತ ಹೆಚ್ಚು ಶಕ್ತಿಯನ್ನು ಘೋಷಿಸಬಾರದೆಂದು ಜಪಾನಿನ ತಯಾರಕರು ತಮ್ಮತಮ್ಮಲ್ಲೇ ಮಾಡಿಕೊಂಡಿದ್ದ ಒಡಂಬಡಿಕೆ 2004ರವರೆಗೂ ನಡೆಯಿತು. ಕಾಗದದ ಅಂಕಿ ಕಟ್ಟಿಹಾಕಿದ ಮೇಲೆ ಎಂಜಿನಿಯರುಗಳು ಸಸ್ಪೆನ್ಷನ್, ನಾಲ್ಕು ಚಕ್ರಗಳ ಚಾಲನೆ, ಸ್ಟಿಯರಿಂಗ್‌ಗಳಲ್ಲಿ ತಮ್ಮ ಬುದ್ಧಿಯನ್ನೆಲ್ಲ ಸುರಿದರು. ಆ ಕಾಲದ ಕಾರುಗಳು ಇಂದಿಗೂ ಹೃದಯ ಗೆಲ್ಲುವುದಕ್ಕೆ ಅದು ಒಂದು ಮುಖ್ಯ ಕಾರಣ ಎಂದು ನಾನು ನಂಬುತ್ತೇನೆ.

ಆದರೆ ಜಿಟಿ-ಆರ್‌ಗೆ ಬಾಡಿಗೆ ಹೆಚ್ಚು, ಅಪಘಾತವಾದರೆ ನಾವು ಭರಿಸಬೇಕಾದ ಪಾಲು ಇನ್ನೂ ಹೆಚ್ಚು. ಕಿರಿದಾದ ಘಾಟಿಯಲ್ಲಿ ಅದರ ಶಕ್ತಿಯ ಕಾಲು ಭಾಗವನ್ನೂ ಬಳಸಲಾಗುವುದಿಲ್ಲ. ಕೊನೆಗೆ ಜಿಟಿ-ಆರ್ ಅನ್ನು ಹಕೋನೆಯಲ್ಲಿ ಅರ್ಧ ದಿನಕ್ಕೆ ಮಾತ್ರ, ಉಳಿದ ಬೆಟ್ಟಗಳಿಗೆಲ್ಲ ಮಾಜ್ದಾ ರೋಡ್‌ಸ್ಟರ್ ಎಂದು ಒಪ್ಪಂದವಾಯಿತು. ಅದೂ 1989ರ ಮೊದಲ ಪೀಳಿಗೆಯ ಕಾರು: 1.6 ಲೀಟರ್, 120 ಪಿಎಸ್, ತೂಕ ಸುಮಾರು 940 ಕಿಲೊ, ಹಿಂದಿನ ಚಕ್ರಗಳಿಗೆ ಶಕ್ತಿ. ತೋಟದಲ್ಲಿ ಜಿಪ್ಸಿ, ಆಟೊಕ್ರಾಸ್‌ನಲ್ಲಿ ಎಸ್ಟೀಮ್ ಓಡಿಸಿದ ಕೈಗೆ ಅದು ತಕ್ಷಣ ಒಗ್ಗಿತು. ಹಳೆಯ ಸ್ಪೋರ್ಟ್ಸ್ ಕಾರುಗಳನ್ನೇ ಬಾಡಿಗೆಗೆ ಕೊಡುವ ಚಿಕ್ಕ ಸಂಸ್ಥೆಗಳು ಅಲ್ಲಿವೆ. ಅವಕ್ಕೆ ಬರೆಯುವಾಗ ಮ್ಯಾನುಯಲ್ ಗೇರ್ ಎಂದು ಒತ್ತಿ ಹೇಳಿ, ಚಾಲಕರ ವಯಸ್ಸಿನ ನಿಯಮ, ಠೇವಣಿ, ವಿಮೆ ಎಲ್ಲಿಯವರೆಗೆ ರಕ್ಷಣೆ ಕೊಡುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಎಕ್ಸ್‌ಪ್ರೆಸ್‌ವೇ ಟೋಲ್‌ಗಳಿಗೆ ಇಟಿಸಿ ಕಾರ್ಡನ್ನೂ ಅವರಲ್ಲೇ ಕೇಳಿ ಪಡೆಯಬಹುದು.

ಅಲ್ಲಿ ಎಡಗಡೆಯ ಚಾಲನೆ, ಬಲಗಡೆಯ ಸ್ಟಿಯರಿಂಗ್. ಒಗ್ಗಿಸಿಕೊಳ್ಳಬೇಕಾದದ್ದು ಬೇರೆ. ಕೆಂಪು ದೀಪ ಇರುವಾಗ ಎಡಕ್ಕೂ ತಿರುಗುವಂತಿಲ್ಲ. ರೈಲ್ವೆ ಕ್ರಾಸಿಂಗ್‌ನಲ್ಲಿ ಗೇಟು ತೆರೆದಿದ್ದರೂ ಕಾರನ್ನು ಪೂರ್ತಿ ನಿಲ್ಲಿಸಿಯೇ ಹೋಗಬೇಕು. ರೈಲೇ ಇಲ್ಲದ ಜಿಲ್ಲೆಯಿಂದ ಹೋದ ನಮಗೆ ಈ ಅಭ್ಯಾಸ ಪ್ರಜ್ಞಾಪೂರ್ವಕವಾಗಿಯೇ ಬರಬೇಕಾಯಿತು. ಕೆಂಪು ತಲೆಕೆಳಗಾದ ತ್ರಿಕೋನ ಎಂದರೆ ಸಂಪೂರ್ಣ ನಿಲುಗಡೆ. ಕುಡಿದು ಓಡಿಸಿದರೆ ಚಾಲಕನಿಗೆ ಮಾತ್ರವಲ್ಲ, ಗೊತ್ತಿದ್ದೂ ಜೊತೆಯಲ್ಲಿ ಕೂತವರಿಗೂ ಶಿಕ್ಷೆ ಇದೆ.

ಹಕೋನೆ ಟರ್ನ್‌ಪೈಕ್ ಖಾಸಗಿ ಟೋಲ್ ರಸ್ತೆ. ಒದವಾರಾದ ಸಮುದ್ರದ ಮಗ್ಗುಲಿಂದ ಹೊರಟು ಸಾವಿರ ಮೀಟರ್ ಎತ್ತರದ ದೈಕನ್‌ಜಾನ್‌ಗೆ ಏರುತ್ತದೆ. ತಿರುವುಗಳು ಅಗಲ, ನೋಟ ದೂರದವರೆಗೆ ಹೋಗುತ್ತದೆ. ಜಿಟಿ-ಆರ್‌ಗೆ ಹೇಳಿ ಮಾಡಿಸಿದ ರಸ್ತೆ. ಮೂರನೇ ಗೇರಿನಲ್ಲಿ ಟರ್ಬೊ ಎದ್ದು ಏರು ಹತ್ತುವಾಗ ಭಾವ ಒಂದು ಮಾತೂ ಆಡಲಿಲ್ಲ. ಮೇಲೆ ಕಾರು ನಿಲ್ಲಿಸುವ ಜಾಗದಲ್ಲಿ ವಾರದ ದಿನವೂ ಹಳೆಯ ಕಾರುಗಳ ಒಡೆಯರು ಬಂದು ನಿಂತಿರುತ್ತಾರೆ. ಬಾನೆಟ್ ತೋರಿಸಿ ನಕ್ಕರೆ ಸಾಕು, ತೆರೆದು ತೋರಿಸುತ್ತಾರೆ.

ನನ್ನ ಮನಸ್ಸು ನೆಟ್ಟಿದ್ದು ಗುನ್ಮಾದಲ್ಲಿ. ಯೊಕೊಕಾವಾದಿಂದ ಕರುಯ್‌ಜಾವಾಕ್ಕೆ ಏರುವ ಹಳೆಯ ಉಸುಯಿ ಘಾಟಿಯಲ್ಲಿ 184 ತಿರುವುಗಳಿವೆ. ಕಾಡು ಎರಡೂ ಬದಿಯಿಂದ ರಸ್ತೆಯ ಮೇಲೆ ಬಾಗಿದೆ, ನೆಲದಲ್ಲಿ ಒದ್ದೆ ಎಲೆ, ಬಿಸಿಲು ಬೀಳದ ತಿರುವಿನಲ್ಲಿ ಪಾಚಿ. ಮಾಕುಟ್ಟದ ದಾರಿ ಬಲ್ಲವರಿಗೆ ಎಲ್ಲಿ ಹಿಡಿತ ತಪ್ಪುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ. ನಡುವೆ 1892ರಲ್ಲಿ ಮುಗಿದ ನಾಲ್ಕು ಕಮಾನುಗಳ ಇಟ್ಟಿಗೆಯ ರೈಲು ಸೇತುವೆ ಸಿಗುತ್ತದೆ. ಘಾಟಿಯ ರೈಲುಮಾರ್ಗ 1997ರಲ್ಲಿ ನಿಂತುಹೋಯಿತು. ಈಗ ಸೇತುವೆಯ ಮೇಲೆ ನಡೆದುಹೋಗಬಹುದು. ಯೊಕೊಕಾವಾದಲ್ಲಿ ಮಣ್ಣಿನ ಗಡಿಗೆಯಲ್ಲಿ ಕೊಡುವ ಅನ್ನದ ಊಟವನ್ನು ತಪ್ಪಿಸಬೇಡಿ. ಎರಡನೇ ಗೇರಿನಿಂದ ಮೂರಕ್ಕೆ, ಮತ್ತೆ ಎರಡಕ್ಕೆ, ರೋಡ್‌ಸ್ಟರ್‌ನಲ್ಲಿ ಆ ರಸ್ತೆಯನ್ನು ವೇಗದ ಮಿತಿಯೊಳಗೇ ಓಡಿಸಿದಾಗ ಸಿಕ್ಕ ಸಂತೋಷವನ್ನು ಯಾವ ಎಕ್ಸ್‌ಪ್ರೆಸ್‌ವೇಯೂ ಕೊಡಲಿಲ್ಲ.

ಹರುನಾ ಬೆಟ್ಟದ ರಸ್ತೆಯಲ್ಲಿ ತಿರುವುಗಳಿಗೆ ಅಡ್ಡಲಾಗಿ ಉಬ್ಬುಪಟ್ಟಿಗಳನ್ನು ಹಾಕಿದ್ದಾರೆ, ರಾತ್ರಿ ಬಂದು ಟೈರು ಜಾರಿಸುವವರನ್ನು ತಡೆಯಲು. ಅಲ್ಲಿಗೆ ಹಗಲಲ್ಲೇ ಹೋಗಿ ಎಂದು ಕೇಳಿಕೊಳ್ಳುತ್ತೇನೆ. ಕೆಳಗೆ ಊರುಗಳಿವೆ, ಹೊರಗಿನಿಂದ ಬಂದವರ ಸೈಲೆನ್ಸರ್ ಸದ್ದಿಗೆ ನಮ್ಮ ಊರಿನವರಿಗೆ ಎಷ್ಟು ಸಿಟ್ಟು ಬರುತ್ತದೋ ಅವರಿಗೂ ಅಷ್ಟೇ ಬರುತ್ತದೆ. ನಿಕ್ಕೊದ ಇರೊಹಾಜಾಕಾಕ್ಕೆ ಏರಲು ಒಂದು, ಇಳಿಯಲು ಒಂದು ಏಕಮುಖ ರಸ್ತೆಗಳಿವೆ. ಏರುವಾಗ 20, ಇಳಿಯುವಾಗ 28, ಒಟ್ಟು 48 ತಿರುವುಗಳು. ಅಕ್ಟೋಬರ್ ಮಧ್ಯದಿಂದ ನವೆಂಬರ್ ಮೊದಲ ದಿನಗಳವರೆಗೆ ಎಲೆಗಳ ಬಣ್ಣ ನೋಡಲು ಬರುವವರಿಂದ ಆ ದಾರಿ ಕಟ್ಟಿಹೋಗುತ್ತದೆ. ವಾರದ ನಡುವೆ, ಬೆಳಕು ಹರಿಯುವ ಮೊದಲೇ ಬುಡದಲ್ಲಿ ಇದ್ದರೆ ಮಾತ್ರ ಚಾಲನೆಗೆ ಅರ್ಥ.

ನಗರಕ್ಕೆ ಕೊಟ್ಟ ದಿನಗಳಲ್ಲಿ ಯೊಕೊಹಾಮಾದ ದೈಕೊಕು ಪಾರ್ಕಿಂಗ್ ಏರಿಯಾ ಇತ್ತು. ಎಕ್ಸ್‌ಪ್ರೆಸ್‌ವೇ ಮೂಲಕ ವಾಹನದಲ್ಲಿ ಮಾತ್ರ ಅಲ್ಲಿಗೆ ಹೋಗಬಹುದು, ನಡೆದು ಹೋಗಲು ದಾರಿಯಿಲ್ಲ. ರಾತ್ರಿ ಗದ್ದಲ ಹೆಚ್ಚಾದರೆ ಪೊಲೀಸರು ಮುಚ್ಚಿಸುತ್ತಾರೆ. ನಾವು ಭಾನುವಾರ ಬೆಳಿಗ್ಗೆ ಹೋದೆವು. ಹಿರಿಯ ವಯಸ್ಸಿನವರು ತಾವೇ ಒರೆಸಿ ಹೊಳಪು ಕೊಟ್ಟ ಆರ್‌ಎಕ್ಸ್-7, ಎನ್‌ಎಸ್‌ಎಕ್ಸ್‌ಗಳ ಪಕ್ಕ ಕಾಫಿ ಕುಡಿಯುತ್ತ ನಿಂತಿದ್ದರು. ಜಾಮಾದಲ್ಲಿರುವ ನಿಸಾನ್ ಹೆರಿಟೇಜ್ ಕಲೆಕ್ಷನ್‌ಗೆ ಮೊದಲೇ ಕಾಯ್ದಿರಿಸದೆ ಪ್ರವೇಶ ಇಲ್ಲ. ದಿನಗಳೂ ಮಿತವಾಗಿರುವುದರಿಂದ ನಮ್ಮ ನಗರದ ದಿನಗಳನ್ನು ಆ ಕಾಯ್ದಿರಿಸುವಿಕೆ ಸಿಕ್ಕ ಮೇಲೆ ನಿಶ್ಚಯಿಸಿದೆವು. ಹಳೆಯ ಪ್ರವಾಸ ಕಥನಗಳು ಟೋಕಿಯೊದ ಮೆಗಾವೆಬ್ ಎಂಬ ಟೊಯೊಟಾ ಪ್ರದರ್ಶನ ಕೇಂದ್ರವನ್ನು ಈಗಲೂ ಹೊಗಳುತ್ತವೆ. ಅದು 2021ರ ಕೊನೆಗೆ ಮುಚ್ಚಿದೆ. ಟೊಯೊಟಾದ ದೊಡ್ಡ ಮ್ಯೂಸಿಯಂ ಇರುವುದು ಐಚಿಯ ನಗಕುತೆಯಲ್ಲಿ.

ಕಾರು ಹಿಂತಿರುಗಿಸಿದ ಮೇಲೆ ರೈಲು. ಪ್ರವಾಸಿಗರಿಗೆ ಕೊಡುವ ಜೆಆರ್ ರೈಲು ಪಾಸ್‌ನ ಏಳು ದಿನಗಳ ಬೆಲೆ 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ನಡುವೆ ಕಾರು ಓಡಿಸುವವರಿಗೆ ಅದು ಲಾಭವಲ್ಲ, ಬೇಕಾದ ಕಡೆಗೆ ಬಿಡಿ ಟಿಕೆಟ್ ಸಾಕು. ಟೋಕಿಯೊ, ನಗೋಯಾ ನಡುವೆ ಹಮಮತ್ಸುವಿನಲ್ಲಿ ಇಳಿದು ಸುಜುಕಿ ಪ್ಲಾಜಾ ನೋಡಿದೆವು. ಪ್ರವೇಶ ಉಚಿತ, ಮೊದಲೇ ಹೆಸರು ನೋಂದಾಯಿಸಬೇಕು. ನಮ್ಮ ಬೆಟ್ಟಗಳಿಗೆ ಜಿಪ್ಸಿಯನ್ನೂ 800ನ್ನೂ ಕೊಟ್ಟ ಕಂಪನಿ ಮಗ್ಗದ ಯಂತ್ರದಿಂದ ಶುರುವಾಗಿ ಇಲ್ಲಿಯವರೆಗೆ ಬಂದ ದಾರಿಯನ್ನು ಅಲ್ಲಿ ಮಹಡಿ ಮಹಡಿಯಾಗಿ ಜೋಡಿಸಿದ್ದಾರೆ. ಕೊಡಗಿನಿಂದ ಹೋಗುವವರು ಇದನ್ನು ಬಿಟ್ಟುಬಂದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ರ್‍ಯಾಲಿಗೆ ಟಿಕೆಟ್ ಮೊದಲೇ ಕೊಳ್ಳಬೇಕು. ನಮ್ಮಲ್ಲಿ ತೋಟದ ಬರೆಯ ಮೇಲೆ ಬೇಕಾದ ಕಡೆ ನಿಂತು ನೋಡುತ್ತೇವೆ. ಅಲ್ಲಿ ಗುರುತಿಸಿದ ಜಾಗ ಬಿಟ್ಟು ಒಂದು ಹೆಜ್ಜೆ ಇಡಲೂ ಬಿಡುವುದಿಲ್ಲ, ಆ ಜಾಗಗಳಿಗೂ ಹಂತಗಳಿಗೂ (ಸ್ಪರ್ಧೆಗಾಗಿ ಮುಚ್ಚಿದ ರಸ್ತೆಯ ತುಂಡುಗಳಿಗೆ ಹಾಗೆನ್ನುತ್ತಾರೆ) ಬಸ್ಸಿನ ಸಮಯ ಹೊಂದಿಸಿಕೊಳ್ಳಬೇಕು. ಒಂದು ದಿನಕ್ಕೆ ಒಂದೇ ಹಂತ ಆರಿಸಿಕೊಂಡು, ಎರಡು ಸಲ ಅಲ್ಲೇ ಕಾರುಗಳು ಹಾಯುವುದನ್ನು ನೋಡುವುದು ಒಳ್ಳೆಯದು. ಮೊದಲ ಸಲ ಶುಚಿಯಾಗಿದ್ದ ತಿರುವಿಗೆ ಎರಡನೇ ಸಲ ಮಣ್ಣು ಬಂದಿರುತ್ತದೆ, ಚಾಲಕರು ಬ್ರೇಕ್ ಹಾಕುವ ಜಾಗವೇ ಬದಲಾಗಿರುತ್ತದೆ.

ಅಲ್ಲಿಂದ ಕಾರು ತರಿಸುವ ಆಸೆ ಇರುವವರು ಕೇಳುತ್ತಲೇ ಇರುತ್ತಾರೆ. ಭಾರತಕ್ಕೆ ಮೂರು ವರ್ಷಕ್ಕಿಂತ ಹಳೆಯ ಕಾರನ್ನು ಸಾಮಾನ್ಯವಾಗಿ ಆಮದು ಮಾಡುವಂತಿಲ್ಲ, ಆದ್ದರಿಂದ 90ರ ದಶಕದ ಕಾರುಗಳ ಮಾತೇ ಇಲ್ಲ. ಬಳಸಿದ ಬಿಡಿಭಾಗಗಳ ಅಂಗಡಿಗಳಲ್ಲಿ ಮಾತ್ರ ಒಂದು ಇಡೀ ದಿನ ಕಳೆಯಬಹುದು. ಸೀಟು, ಚಕ್ರಗಳ ಕಡೆ ಮನಸ್ಸು ಹೋದರೂ ವಿಮಾನದ ತೂಕದ ಮಿತಿ ನೆನಪಿರಲಿ. ನಾನು ಮರದ ಗೇರ್ ಹಿಡಿಯೊಂದನ್ನು ತಂದೆ. ಸ್ಕ್ರೂವಿನ ಅಳತೆ ಹೊಂದುತ್ತದೆಯೇ ಎಂದು ಮನೆಯ ಜಿಪ್ಸಿಯದನ್ನು ಮೊದಲೇ ಅಳೆದು ಬರೆದುಕೊಂಡು ಹೋಗಿದ್ದೆ.