ಕಾಲುಂಗುರಕ್ಕೆ ಸೋಲದ ಸ್ಟಾಕಿಂಗ್ಸ್: ನನ್ನ ಅನುಭವ

"ಸೋರದ ಜರಡಿ ಮಾಡಿಕೊಡ್ತೀನಿ ಅಂದ ಹಾಗಾಯ್ತು ಮೇಡಂ" ಎಂದು ಚಿಕ್ಕಪೇಟೆಯ ಸಗಟು ವ್ಯಾಪಾರಿಯೊಬ್ಬರು ನಕ್ಕಿದ್ದರು. ಲೈನ್ ಹೋಗದ, ಅಂದರೆ ಒಂದು ಎಳೆ ಕಡಿದರೆ ಏಣಿಯ ಹಾಗೆ ಉದ್ದಕ್ಕೆ ಬಿಚ್ಚಿಕೊಳ್ಳದ, ಸ್ಟಾಕಿಂಗ್ಸ್ ಮಾಡುತ್ತೇನೆ ಎಂದು ನಾನು ಹೇಳಿದ್ದಕ್ಕೆ ಸಿಕ್ಕ ಉತ್ತರ ಅದು. ಈಗ ಅದೇ ಅಂಗಡಿಯಿಂದ ತಿಂಗಳಿಗೆ ಹತ್ತಿರ ಹತ್ತಿರ 60 ಡಜನ್ ಆರ್ಡರ್ ಬರುತ್ತಿದೆ. ಹಾಗಾಗಿ ಇಲ್ಲಿ ಸ್ವಲ್ಪ ಜಂಬ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಯೂನಿಟ್ ಇರುವುದು ಲಗ್ಗೆರೆಯಲ್ಲಿ, 30-40 ಸೈಟಿನ ಕೆಳಮನೆಯಲ್ಲಿ. ಅಪ್ಪನ ಕಾಲದಿಂದ ಸ್ಕೂಲ್ ಸಾಕ್ಸ್ ಮಾಡುತ್ತಿದ್ದೆವು. ಸಾಕ್ಸ್‌ನಲ್ಲಿ ಲಾಭ ಕರಗುತ್ತಾ ಬಂತು. ಎರಡು ಸ್ಟಾಕಿಂಗ್ಸ್ ಮೆಷಿನ್ ತಂದೆ. ಇಟಲಿಯವು, ಸೆಕೆಂಡ್ ಹ್ಯಾಂಡ್, 4 ಇಂಚು ಸಿಲಿಂಡರ್, 400 ಸೂಜಿ, ಸೂಜಿಗಳಿಗೆ ನೂಲು ಕೊಡುವ 4 ಫೀಡರ್. ಒಂದೊಂದಕ್ಕೆ ನಾಲ್ಕೂವರೆ ಲಕ್ಷದ ಆಸುಪಾಸು. ಅಮ್ಮನ ಎರಡು ಬಳೆ ಅಡ ಇಟ್ಟಿದ್ದೂ ಆ ಲೆಕ್ಕದಲ್ಲೇ ಸೇರಿದೆ.

ಮೊದಲ ವರ್ಷ ಎಲ್ಲರ ಹಾಗೆ ಪ್ಲೇನ್ ಮಾಲು ಮಾಡಿದೆ. 20 ಡೆನಿಯರ್ (ನೂಲಿನ ದಪ್ಪದ ಅಳತೆ), ಸ್ಕಿನ್ ಕಲರ್. ಕೊಳ್ಳುವವರು ಹೋಟೆಲ್ ರಿಸೆಪ್ಷನ್ನಿನ ಹುಡುಗಿಯರು, ಏರ್‌ಪೋರ್ಟ್ ಕೌಂಟರ್‌ನವರು, ಸ್ಕರ್ಟ್ ಯೂನಿಫಾರ್ಮ್ ಇರುವ ಆಫೀಸಿನವರು. ನೂರು ಜೊತೆ ಕೊಟ್ಟರೆ 25-30 ಜೊತೆಗೆ ದೂರು ಬರುತ್ತಿತ್ತು. ಎಲ್ಲರದೂ ಒಂದೇ ರಾಗ: ಒಂದು ದಿನ ಹಾಕಿದೆ, ಲೈನ್ ಹೋಯ್ತು.

ವಾಪಸ್ ಬಂದ ಮಾಲನ್ನೆಲ್ಲ ಮೇಜಿನ ಮೇಲೆ ಹರಡಿ ನೋಡಿದೆ. ಅರ್ಧಕ್ಕಿಂತ ಜಾಸ್ತಿ ಲೈನ್ ಶುರುವಾಗಿದ್ದು ಒಂದೇ ಜಾಗದಿಂದ, ಹೆಬ್ಬೆರಳಿನ ಪಕ್ಕದ ಬೆರಳಿನಿಂದ. ಮೊದಲು ಹೊಳೆಯಲಿಲ್ಲ. ಆಮೇಲೆ ನನ್ನದೇ ಕಾಲು ನೋಡಿಕೊಂಡೆ. ಕಾಲುಂಗುರ! ಬೆಳ್ಳಿ ಉಂಗುರದ ಬಾಯಿ ತೆರೆದಿರುತ್ತದಲ್ಲ, ಅದರ ತುದಿ ಒಂದು ಕುಣಿಕೆ ಹಿಡಿದರೆ ಸಾಕು. ಉಳಿದವು ಕಾಲ್ಚೈನಿನ ಕೊಂಡಿಯಿಂದ. ಹೊರದೇಶದಲ್ಲಿ ಮಾಲು ಡಿಸೈನ್ ಮಾಡುವವರ ತಲೆಯಲ್ಲಿ ಉಗುರು, ಶೂ, ಕುರ್ಚಿಯ ಅಂಚು ಇರುತ್ತವೆ. ಮದುವೆಯಾದ ಕನ್ನಡದ ಹೆಂಗಸಿನ ಎರಡನೇ ಬೆರಳು ಇರುವುದಿಲ್ಲ. ಉಂಗುರ ತೆಗೀರಿ ಅಂತ ಯಾರಿಗೆ ಹೇಳೋದು?

ಬೆರಳಲ್ಲಿ ಕಡಿದದ್ದು ತೊಡೆಯವರೆಗೆ ಯಾಕೆ ಏರುತ್ತದೆ ಅನ್ನುವುದನ್ನು ಹೇಳಿಬಿಡುತ್ತೇನೆ. ಮೆಷಿನ್ ಮಾಲನ್ನು ತೊಡೆಯ ಹತ್ತಿರದ ದಪ್ಪ ಪಟ್ಟಿಯಾದ ವೆಲ್ಟ್‌ನಿಂದ ಶುರುಮಾಡಿ ಬೆರಳಿನ ತುದಿಯಾದ ಟೋನಲ್ಲಿ ಮುಗಿಸುತ್ತದೆ. ಕುಣಿಕೆಯ ತಲೆ ಬಿಟ್ಟರೆ ಹೆಣೆದ ದಾರಿಯಲ್ಲೇ ಹಿಂದಕ್ಕೆ ಬಿಚ್ಚುತ್ತದೆ. ಹೆಣಿಗೆಯ ಹಿಂದು ಅಂದರೆ ಕಾಲಿನ ಮೇಲು. ಒಂದು ಕುಣಿಕೆಯನ್ನು ಪಕ್ಕದ್ದಕ್ಕೆ ಸೇರಿಸುವ ಕೆಳಗಡೆಯ ಸಿಂಕರ್ ಕುಣಿಕೆಗಳು ಇನ್ನೊಂದು ದಿಕ್ಕಿಗೆ ಓಡುತ್ತವೆ, ಆದರೆ ಟೋ ಹತ್ತಿರ ಅವಕ್ಕೆ ಓಡಲು ಜಾಗ ಕಡಿಮೆ. 1940ರ ಮೇ 15ರಂದು ಅಮೆರಿಕದ ಅಂಗಡಿಗಳಲ್ಲೆಲ್ಲ ನೈಲಾನ್ ಸ್ಟಾಕಿಂಗ್ಸ್ ಮಾರಾಟಕ್ಕೆ ಬಂದವು. ಹೆಂಗಸರು ಕ್ಯೂ ನಿಂತು ಕೊಂಡರು. ಈ ಗೋಳೂ ಅಂದೇ ಜೊತೆಗೆ ಬಂದಿರಬೇಕು.

ಮೊದಲು ಮಾಡಿದ್ದು ಸೋಮಾರಿ ಕೆಲಸ. ನೂಲು ದಪ್ಪ ಮಾಡಿದೆ. 20 ಇದ್ದದ್ದು 30, ಆಮೇಲೆ 40 ಡೆನಿಯರ್. ಎಳೆ ಕಡಿಯುವುದು ಕಡಿಮೆಯಾಯಿತು ನಿಜ. ಕಡಿದರೆ ಮಾತ್ರ ಓಟ ಅದೇ ಓಟ. ಜೊತೆಗೆ ಏಪ್ರಿಲ್ ತಿಂಗಳ ಸೆಕೆ. "ಇದೇನು ಸ್ವೆಟರ್ರಾ?" ಅಂದರು ಗಿರಾಕಿಗಳು. 35 ಡಜನ್ ಮಾಲು ಮೂಲೆಗೆ ಬಿತ್ತು.

ಆಮೇಲೆ ಎಲ್ಲ ಫೀಡರ್‌ಗೂ ಕವರ್ಡ್ ಸ್ಪಾಂಡೆಕ್ಸ್ (ಮೇಲೆ ನೂಲು ಸುತ್ತಿದ, ರಬ್ಬರಿನ ಹಾಗೆ ಹಿಗ್ಗುವ ಎಳೆ) ಹಾಕಿ ನೋಡಿದೆ. ಕಾಲಿಗೆ ಚೆನ್ನಾಗಿ ಕೂತಿತು, ಮುಟ್ಟಿದರೆ ಹಿತವಾಗಿತ್ತು. ಆದರೆ ಎಳೆತ ಜಾಸ್ತಿಯಾದ್ದರಿಂದ ತೂತು ಬಿದ್ದ ಕೂಡಲೇ ಬಾಯಿ ಬಿಟ್ಟುಕೊಂಡು ನಾಲ್ಕಾಣೆಯಷ್ಟು ಅಗಲ ಆಗುತ್ತಿತ್ತು. ಸ್ಪಾಂಡೆಕ್ಸ್ ಬೆಲೆಯೂ ಜಾಸ್ತಿ. ಅದನ್ನೂ ಬಿಟ್ಟೆ.

ಫ್ಲೋಟ್ ಹಾಕಿದ್ದು, ಅಂದರೆ ಕೆಲವು ಸೂಜಿ ಹೆಣೆಯದೆ ಎಳೆ ಅದರ ಹಿಂದೆ ಹಾದುಹೋಗುವ ಹಾಗೆ ಮಾಡಿದ್ದು, ಮೂರನೇ ಪ್ರಯತ್ನ. ಲೈನ್ ಸ್ವಲ್ಪ ತಡೆಯಿತು. ಆದರೆ ಒಳಗಡೆ ಸಡಿಲ ಎಳೆಗಳು ನಿಂತವು. ಕಾಲುಂಗುರಕ್ಕೆ ಹಬ್ಬ! ಹಾಕಿಕೊಳ್ಳುವಾಗಲೇ ಸಿಕ್ಕಿಕೊಂಡು ಹರಿದವು. ಅಗಲವೂ ಕುಗ್ಗಿತು. ಒಂದು ವಾರದಲ್ಲಿ ಮುಗಿಸಿದೆ.

ಕೊನೆಗೆ ಟಕ್‌ಗೆ ಬಂದೆ. ಸೂಜಿ ಹಳೆಯ ಕುಣಿಕೆಯನ್ನು ಬಿಡದೆ ಹೊಸ ಎಳೆಯನ್ನೂ ಹಿಡಿದುಕೊಂಡರೆ ಅದು ಟಕ್. ಹೀಗೆ ಹೆಣೆದ ಮೈಕ್ರೋಮೆಶ್ ಹೊಸದೇನಲ್ಲ, ಹಳೆಯ ಫಿಟ್ಟರ್‌ಗಳಿಗೆಲ್ಲ ಗೊತ್ತು. ಮೂರು ಸೂಜಿ ಹೆಣೆಯಬೇಕು, ಒಂದು ಸೂಜಿ ಟಕ್ ಮಾಡಬೇಕು. ಮುಂದಿನ ಫೀಡರ್‌ನಲ್ಲಿ ಟಕ್ ಪಕ್ಕದ ಸೂಜಿಗೆ ಸರಿಯಬೇಕು. ನಾಲ್ಕು ಕೋರ್ಸ್ (ಹೆಣಿಗೆಯ ಸಾಲು) ಆಗುವಷ್ಟರಲ್ಲಿ ಎಲ್ಲ ಸೂಜಿಗೂ ಒಂದೊಂದು ಸರದಿ ಬರುತ್ತದೆ. 400 ಸೂಜಿ ನಾಲ್ಕರಿಂದ ಸರಿಯಾಗಿ ಭಾಗ ಹೋಗುತ್ತದೆ, ಹಾಗಾಗಿ ಜೋಡಣೆಯಲ್ಲಿ ತಕರಾರಿಲ್ಲ. ಟಕ್ ಇರುವ ಕಡೆ ಒಂದು ಕುಣಿಕೆ ಎರಡು ಎಳೆಯ ತಲೆಯನ್ನು ಒಟ್ಟಿಗೆ ಹಿಡಿದಿರುತ್ತದೆ. ಒಂದು ಬಿಟ್ಟರೂ ಇನ್ನೊಂದು ಕೈ ಬಿಡುವುದಿಲ್ಲ.

ಕೇಳಲು ಸುಲಭ. ಮಾಡಲು ಹೋದಾಗ ನಮ್ಮ ಫಿಟ್ಟರ್ ಕೈ ಎತ್ತಿದರು. "ಹಳೇ ಮೆಷಿನ್, ಸೂಜಿ ತಿನ್ನುತ್ತೆ, ಬೇಡ" ಅಂದರು. ಅವರು ಹೇಳಿದ್ದು ತಪ್ಪಲ್ಲ. ಸೂಜಿಯ ಮೇಲೆ ಎರಡೆರಡು ಎಳೆ ಕೂತಾಗ ಅದರ ಬಾಯಿ ಮುಚ್ಚುವ ಲ್ಯಾಚ್ ಮೇಲೆ ಭಾರ ಬೀಳುತ್ತದೆ. ಕುಣಿಕೆಯ ಉದ್ದ ನಿರ್ಧರಿಸುವ ಸ್ಟಿಚ್ ಕ್ಯಾಮನ್ನು ಪ್ಲೇನ್ ಮಾಲಿಗೆ ಇಟ್ಟ ಹಾಗೇ ಇಟ್ಟು ಓಡಿಸಿದೆ. ಎರಡು ದಿನದಲ್ಲಿ 70-80 ಸೂಜಿ ಹೋದವು. ಒಂದು ಸೆಟ್ ಸೂಜಿಗೆ ಆಗ 13 ಸಾವಿರ ಕೊಟ್ಟ ನೆನಪು. ಇಂಥ ಎರಡು ಸೆಟ್ ತಿಂದಿತು. ಕ್ಯಾಮ್ ಸಡಿಲ ಮಾಡಿದ ಮೇಲೆ ಸೂಜಿ ಉಳಿಯಿತು. ಎಷ್ಟು ಸಡಿಲ ಅಂತ ಕೇಳಬೇಡಿ. ಅದು ನನ್ನ ಎರಡು ಸೆಟ್ ಸೂಜಿಯ ಬೆಲೆ.

ಸೂಜಿ ಉಳಿದ ಮೇಲೆ ಅಳತೆ ಕೆಟ್ಟಿತು. ಟಕ್ ಮಾಲು ಅಗಲ ಆಗುತ್ತದೆ, ಉದ್ದ ಕುಗ್ಗುತ್ತದೆ. ಮೀಡಿಯಂ ಸೈಜಿನ ಪ್ರೋಗ್ರಾಂ ಹಾಕಿದರೆ ನಮ್ಮ ಅತ್ತೆ ಹಾಕಿಕೊಳ್ಳುವಷ್ಟು ಅಗಲ, ಸ್ಕೂಲ್ ಹುಡುಗಿಗೆ ಸಾಕಾಗುವಷ್ಟು ಉದ್ದ. ಕೋರ್ಸ್ ಜಾಸ್ತಿ ಮಾಡಬೇಕಾಯಿತು. ಕಾಲಿಗೆ 2 ನಿಮಿಷ ಹಿಡಿಯುತ್ತಿದ್ದದ್ದು 3 ನಿಮಿಷಕ್ಕೆ ಹೋಯಿತು. ನೂಲಿನ ಖರ್ಚು ಒಂದು ಜೊತೆಗೆ 3-4 ರೂಪಾಯಿ ಏರಿತು. ಟಕ್ ಒಂದೇ ಕಡೆಗೆ ಸರಿಯುತ್ತಾ ಹೋದರೆ ಮಾಲಿನ ಮೇಲೆ ಓರೆ ಗೆರೆ ಕಾಣುತ್ತದೆ, ಕಾಲೂ ಸ್ವಲ್ಪ ತಿರುಚುತ್ತದೆ. ಸರದಿಯನ್ನು ಮುರಿದು ಹಾಕಿದೆ. ಒಂದು, ಎರಡು, ಮೂರು, ನಾಲ್ಕು ಅಂತ ಹೋಗುವುದಿಲ್ಲ. ಯಾವ ಕ್ರಮ ಅನ್ನುವುದು ನಮ್ಮ ಮನೆಯ ಸಾರಿನ ಪುಡಿ ಇದ್ದ ಹಾಗೆ.

ನಡುವೆ ಒಂದು ಅನಾಹುತವೂ ಆಯಿತು. ನೂಲು ಟೆಕ್ಸ್ಚರ್ಡ್, ಅಂದರೆ ಗುಂಗುರು ಮಾಡಿದ್ದು. ಒಂದು ಕಡೆಗೆ ತಿರುಚಿದ ಎಸ್ ತಿರುವಿನ ಕೋನ್ ಬೇರೆ, ಎದುರು ಕಡೆಗೆ ತಿರುಚಿದ ಝಡ್ ತಿರುವಿನದು ಬೇರೆ. ಎರಡನ್ನೂ ಸಮ ಪಾಲು ಹಾಕಬೇಕು. ರಾತ್ರಿ ಪಾಳಿಯ ಹೊಸ ಹುಡುಗ ನಾಲ್ಕೂ ಫೀಡರ್‌ಗೆ ಝಡ್ ಏರಿಸಿ ಮಲಗಿದ. ಬೆಳಗ್ಗೆ ನೋಡಿದರೆ 11 ಡಜನ್ ಮಾಲು ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿತ್ತು. ತಪ್ಪು ನನ್ನದೇ, ಕೋನ್‌ಗೆ ಬಣ್ಣದ ಚೀಟಿ ಅಂಟಿಸಿರಲಿಲ್ಲ. ಈಗ ಎಸ್‌ಗೆ ಕುಂಕುಮದ ಬೊಟ್ಟು, ಝಡ್‌ಗೆ ಅರಿಶಿನದ ಬೊಟ್ಟು. ಇನ್ನೊಂದು ಮಾತು, ಫೆಬ್ರವರಿ-ಮಾರ್ಚ್‌ನಲ್ಲಿ ನಮ್ಮೂರ ಗಾಳಿ ಒಣಗಿರುತ್ತದೆ. ನೈಲಾನ್‌ಗೆ ಸ್ಟಾಟಿಕ್ ಹಿಡಿದು ಎಳೆ ಪಟಪಟ ಕಡಿಯುತ್ತದೆ. ಒದ್ದೆ ಗೋಣಿಚೀಲ ನೇತು ಹಾಕಿದರೆ ಸಾಕು, ದುಬಾರಿ ಮೆಷಿನ್ ಬೇಡ.

ಟೆಸ್ಟ್ ಮಾಡಲು ಲ್ಯಾಬ್ ಎಲ್ಲಿಂದ ತರೋದು? ಅಮ್ಮನ ಉಪ್ಪಿನಕಾಯಿ ಜಾಡಿಗೆ ಮಾಲು ತೊಡಿಸುತ್ತಿದ್ದೆ. ಸೂಜಿಯಿಂದ ಒಂದು ಎಳೆ ಕಡಿಯೋದು, ಎರಡೂ ಕೈಯಿಂದ 20 ಸಲ ಎಳೆದು ಬಿಡೋದು, ಸ್ಕೇಲ್ ಇಟ್ಟು ಅಳೆಯೋದು. ಪ್ಲೇನ್ ಮಾಲು ಮೂರನೇ ಎಳೆತಕ್ಕೇ ಜಾಡಿ ದಾಟಿ ಹೋಗುತ್ತಿತ್ತು. ಟಕ್ ಮಾಲು ಒಂದು ದಿನ ಮುಕ್ಕಾಲು ಇಂಚಿಗೆ ನಿಲ್ಲುತ್ತಿತ್ತು, ಇನ್ನೊಂದು ದಿನ ನಾಲ್ಕು ಇಂಚು ಓಡುತ್ತಿತ್ತು. ಒಂದೇ ಮೆಷಿನ್, ಒಂದೇ ಲಾಟ್ ನೂಲು. ಮೂರು ತಿಂಗಳು ಇದೇ ಕಾಟ. ಕ್ಯಾಮ್ ತಿರುಗಿಸಿದೆ, ಟೆನ್ಷನ್ ಬದಲಿಸಿದೆ, ಫಿಟ್ಟರ್ ಜೊತೆ ಜಗಳ ಆಡಿದೆ. ಎಲ್ಲ ಸೇರಿ ಆ ಹೊತ್ತಿಗೆ ಎರಡೂವರೆ ಲಕ್ಷದ ಮೇಲೆ ಹೋಗಿತ್ತು. ಮನೆಯಲ್ಲಿ ಮಾತು ಕಡಿಮೆಯಾಗಿತ್ತು.

ಗುಟ್ಟು ಬಿಟ್ಟುಕೊಟ್ಟಿದ್ದು ಅಮ್ಮ. ಡೈಯಿಂಗ್‌ನಿಂದ ಬಂದ ಎರಡು ಸ್ಯಾಂಪಲ್ ನೆಲಕ್ಕೆ ಬಿದ್ದು ಕೊಳೆ ಆಗಿದ್ದವು. ಅವರು ಬಟ್ಟೆ ಸೋಪು ಹಾಕಿ ಬಿಸಿನೀರಲ್ಲಿ ಚೆನ್ನಾಗಿ ಉಜ್ಜಿ ಒಣಗಿಸಿಬಿಟ್ಟರು. ಸುಮ್ನೆ ಇರಲಿ ಅಂತ ಅದನ್ನೂ ಜಾಡಿಗೆ ಹಾಕಿದೆ. ನಾಲ್ಕು ಇಂಚು ಓಡಿದ ಲಾಟ್‌ನದೇ ಮಾಲು, ಈಗ ಒಂದು ಇಂಚೂ ದಾಟಲಿಲ್ಲ.

ಆಗ ತಲೆಗೆ ಹೋಯಿತು. ಹಿಂದೊಮ್ಮೆ ಡೈಯರ್ ಹತ್ತಿರ ಮಾಲು ಕೈಗೆ ಒರಟಾಗಿದೆ ಅಂತ ಗೊಣಗಿದ್ದೆ. ಪಾಪ, ಅವರು ನನ್ನ ಮೇಲಿನ ವಿಶ್ವಾಸಕ್ಕೆ ಕೆಲವು ಲಾಟ್‌ಗೆ ಸಿಲಿಕೋನ್ ಸಾಫ್ಟ್ನರ್ ಕೈ ತುಂಬಾ ಹಾಕಿದ್ದರು. ಎಳೆ ಎಳೆಗೆ ಎಣ್ಣೆ ಸವರಿದ ಹಾಗೆ. ಕುಣಿಕೆ ಕುಣಿಕೆಯನ್ನು ಹಿಡಿಯುವುದು ಉಜ್ಜಾಟದಿಂದ. ಅದನ್ನೇ ತೆಗೆದುಬಿಟ್ಟರೆ ಟಕ್ ಏನು ಮಾಡೀತು? ಜಾರುಬಂಡೆಗೆ ಗಂಟು ಹಾಕಿದ ಹಾಗೆ. ಸ್ಟಿಚ್ ಸ್ಟಿಚ್ ಅಂತ ನಾನು ವರ್ಷ ಕಳೆದೆ. ಓಡಿಸುತ್ತಿದ್ದವನು ಡೈಯಿಂಗ್ ಡ್ರಮ್ಮಿನಲ್ಲಿ ಕೂತಿದ್ದ.

ಸಾಫ್ಟ್ನರ್ ಅನ್ನು ಕಾಲು ಭಾಗಕ್ಕೆ ಇಳಿಸಿದೆ. ಒರಟುತನ ಕಳೆಯಲು ಟೆಕ್ಸ್ಚರ್ಡ್ ನೂಲಿನಲ್ಲೇ ಇನ್ನೂ ಸಣ್ಣ ಫಿಲಮೆಂಟ್ (ನೂಲಿನೊಳಗಿನ ಒಂದೊಂದು ಎಳೆ) ಇರುವುದನ್ನು ತಂದೆ. ಅದು ಮೆತ್ತಗೂ ಇರುತ್ತದೆ, ಗುಂಗುರು ಇರುವುದರಿಂದ ಹಿಡಿತವೂ ಜಾಸ್ತಿ. ಮಾಲನ್ನು ಕಾಲಿನಾಕಾರದ ಅಚ್ಚಿಗೆ ತೊಡಿಸಿ ಹಬೆಯಲ್ಲಿ ಆಕಾರ ನಿಲ್ಲಿಸುವುದು ಬೋರ್ಡಿಂಗ್. ಅದರ ಹಬೆ 110 ಡಿಗ್ರಿ ಆಸುಪಾಸು. ಎಷ್ಟು ಸೆಕೆಂಡ್ ಅನ್ನುವುದು ನಿಮ್ಮ ನಿಮ್ಮ ಚೇಂಬರ್ ನೋಡಿ ನೀವೇ ಕಂಡುಕೊಳ್ಳಿ. ಕಮ್ಮಿಯಾದರೆ ಕುಣಿಕೆ ಸೆಟ್ ಆಗುವುದಿಲ್ಲ, ಹೆಚ್ಚಾದರೆ ಎಳೆ ಸೊರಗುತ್ತದೆ.

ಈ ಮಧ್ಯೆ ಜನ ಹೇಳಿದ್ದನ್ನೆಲ್ಲ ಮಾಡಿ ನೋಡಿದ್ದೂ ಉಂಟು. ಒದ್ದೆ ಮಾಡಿ ಒಂದು ರಾತ್ರಿ ಫ್ರೀಜರ್‌ನಲ್ಲಿ ಇಟ್ಟರೆ ಗಟ್ಟಿಯಾಗುತ್ತದೆ ಅನ್ನುತ್ತಾರೆ. ನನ್ನ ಜಾಡಿಯ ಮೇಲೆ ಒಂದು ಕೂದಲಿನಷ್ಟೂ ವ್ಯತ್ಯಾಸ ಕಾಣಲಿಲ್ಲ. ಕಾಟನ್ ಸೀರೆಗೆ ಹಾಕುವ ಹಾಗೆ ಅನ್ನದ ಗಂಜಿ ತೆಳ್ಳಗೆ ಮಾಡಿ ಅದ್ದಿದೆ. ನಿಜವಾಗಿ ಕೆಲಸ ಮಾಡಿತು! ಆದರೆ ಒಂದು ಒಗೆತಕ್ಕೆ ಹೋಯಿತು. ಮೇಲಾಗಿ ಬೆವರಿದರೆ ಕಾಲು ದೋಸೆ ಹಿಟ್ಟಿನ ವಾಸನೆ ಹೊಡೆಯುತ್ತದೆ. ನೈಲ್ ಪಾಲಿಶ್ ಹಚ್ಚಿದರೆ ಹೊರಟ ಲೈನ್ ನಿಲ್ಲುತ್ತದೆ, ಅದು ಎಲ್ಲರಿಗೂ ಗೊತ್ತು. ಸ್ಕಿನ್ ಕಲರ್ ಅಂತ ಹೊರಗಿನಿಂದ ಬರುವ ಬಣ್ಣ ನಮ್ಮ ಯಾರ ಚರ್ಮದ ಬಣ್ಣವೂ ಅಲ್ಲ ಅನ್ನುವುದು ಇನ್ನೊಂದು ಕೊರಗು. ಕಡ್ಲೆಕಾಯಿ ಪರಿಷೆಯಿಂದ ತಂದ ಹುರಿದ ಬೀಜವನ್ನೇ ಡೈಯರ್ ಮುಂದೆ ಇಟ್ಟು ಒಂದು ಶೇಡ್ ಮಾಡಿಸಿದೆ, ಫಿಲ್ಟರ್ ಕಾಫಿ ಲೋಟ ಇಟ್ಟು ಇನ್ನೊಂದು. ಎರಡೂ ಚೆನ್ನಾಗಿ ಮಾರಾಟವಾಗುತ್ತಿವೆ.

ಕೊನೆಯ ರೂಪ ಹೀಗಿದೆ. ಎರಡನೇ ಬೆರಳು ಬರುವ ಜಾಗಕ್ಕೆ ಇನ್ನೊಂದು ಎಳೆ ಸೇರಿಸಿ ದಪ್ಪ ಮಾಡಿದ್ದೇನೆ. ಕಾಲು ಪೂರ್ತಿ ಟಕ್. ದುಡ್ಡು ಕಮ್ಮಿ ಕೊಡುವವರಿಗೆ ಇನ್ನೊಂದು ಮಾಲು: ಕಾಲು ಪ್ಲೇನ್, ಟೋ ಮೇಲೆ ಎರಡು ಬೆರಳಗಲ ಮತ್ತು ವೆಲ್ಟ್ ಕೆಳಗೆ ಅಷ್ಟೇ ಅಗಲ ಟಕ್ ಪಟ್ಟಿ. ಬೆರಳಲ್ಲಿ ಹೊರಟ ಲೈನ್ ಹೆಚ್ಚಿನ ಸಲ ಶೂ ಒಳಗೇ ನಿಂತುಬಿಡುತ್ತದೆ, ಯಾರಿಗೂ ಕಾಣುವುದಿಲ್ಲ. ನಡುಗಾಲಲ್ಲಿ ಕಡಿದರೆ ಮಾತ್ರ ದೇವರೇ ಗತಿ. ಪೂರ್ತಿ ಟಕ್ ಮಾಲಿನಲ್ಲೂ ತೂತು ಬೀಳುತ್ತದೆ, ಸ್ವಲ್ಪ ಓಡಿ ನಿಲ್ಲುತ್ತದೆ. ಪ್ಲೇನ್‌ನಷ್ಟು ಗಾಜಿನ ಹಾಗೆ ಕಾಣುವುದೂ ಇಲ್ಲ. ಒಬ್ಬ ಗಿರಾಕಿ "ಸೊಳ್ಳೆ ಪರದೆ" ಅಂದೇಬಿಟ್ಟಳು. ಆಮೇಲೆ ಅವಳೇ ಆರು ಜೊತೆ ತಗೊಂಡಳು.

ಪ್ಲೇನ್ ಮಾಲು 85ಕ್ಕೆ ಕೊಡುತ್ತಿದ್ದೆ, ಇದು 130. ದೂರು ನೂರಕ್ಕೆ ಮೂರೋ ನಾಲ್ಕೋ. ಬಳೆ ಬಿಡಿಸಿಕೊಂಡು ಬಂದಾಯಿತು.

ಚಿಕ್ಕಪೇಟೆಗೆ ಸ್ಯಾಂಪಲ್ ತಗೊಂಡು ಹೋದ ದಿನ ಪೀಣ್ಯದಿಂದ ಮೆಟ್ರೋ ಹತ್ತಿದ್ದೆ. ಬ್ಯಾಗಿನಲ್ಲಿ ಹನ್ನೆರಡು ಜೊತೆ ಮಾಲು, ಜೊತೆಗೆ ಉಪ್ಪಿನಕಾಯಿ ಜಾಡಿ. ಅಂಗಡಿಯವರು ಜಾಡಿ ನೋಡಿ ಮಾವಿನಕಾಯಿಯಾ ನಿಂಬೆಕಾಯಿಯಾ ಅಂತ ಕೇಳಿದರು. ಜಾಡಿಗೆ ಮಾಲು ತೊಡಿಸಿ ಅವರ ಕೈಗೇ ಸೂಜಿ ಕೊಟ್ಟೆ. ಅವರು ಸೂಜಿ ಪಕ್ಕಕ್ಕಿಟ್ಟು ಕಿಸೆಯ ಪೆನ್ನು ತೆಗೆದು ತೂತು ಮಾಡಿದರು, ಎಳೆದರು, ಇನ್ನೊಂದು ತೂತು ಮಾಡಿದರು, ಮತ್ತೆ ಎಳೆದರು. ಆಮೇಲೆ ಒಳಗೆ ಹೋಗಿ ಹೆಂಡತಿಗೆ ಫೋನ್ ಮಾಡಿ ಕಾಲಿನ ಸೈಜ್ ಕೇಳಿದರು.

ಈಗ ಅವರಿಗೆ ಕಪ್ಪು ಬಣ್ಣ ಬೇಕಂತೆ. ಕಪ್ಪಿಗೆ ಡೈ ಜಾಸ್ತಿ ಹೊತ್ತು ಬೇಯಬೇಕು, ಬೆಂದ ಮಾಲು ಒರಟಾಗುತ್ತದೆ, ಡೈಯರ್ ಕೈ ತಾನಾಗಿ ಸಾಫ್ಟ್ನರ್ ಡಬ್ಬದ ಕಡೆ ಹೋಗುತ್ತದೆ. ಕಳೆದ ವಾರದ ಲಾಟ್ ಎರಡು ಇಂಚು ಓಡಿದೆ. ಜಾಡಿ ಇನ್ನೂ ಮೇಜಿನ ಮೇಲೇ ಇದೆ, ಅಮ್ಮ ಈ ವರ್ಷದ ಉಪ್ಪಿನಕಾಯಿಗೆ ಬೇರೆ ಜಾಡಿ ಕೊಂಡರು.